ಪಿಯುಸಿಯಿಂದ ಅಮೆರಿಕದ ಕಾಲೇಜಿಗೆ: ವಿಜಯಪುರದಲ್ಲೇ ಜೋಡಿಸಿಕೊಳ್ಳಬೇಕಾದ ಕಾಗದಪತ್ರಗಳು

ವಿಜಯಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಅಮೆರಿಕದ ಪದವಿ ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳ ಕಾಗದಪತ್ರಗಳನ್ನೂ ನೋಡುತ್ತ ಬಂದಿದ್ದೇನೆ. ಇಂಗ್ಲಿಷ್ ಪರೀಕ್ಷೆಗೆ ಅವರು ತಿಂಗಳುಗಟ್ಟಲೆ ಓದುತ್ತಾರೆ. ಆದರೆ ಕೊನೆಯ ಗಳಿಗೆಯಲ್ಲಿ ಅವರನ್ನು ಕಟ್ಟಿಹಾಕುವುದು ಒಂಬತ್ತನೇ ತರಗತಿಯ ಅಂಕಪಟ್ಟಿ, ಪಾಸ್‌ಪೋರ್ಟಿನಲ್ಲಿರುವ ಅಡ್ಡಹೆಸರು ಮತ್ತು ತಂದೆಯ ಬ್ಯಾಂಕಿನ ಪತ್ರ. ಈ ಮೂರನ್ನೂ ಪ್ರಥಮ ಪಿಯುಸಿ ಮುಗಿಯುವ ಹೊತ್ತಿಗೇ ಸರಿಪಡಿಸಿಕೊಳ್ಳಿ ಎಂಬುದು ನನ್ನ ಕಳಕಳಿಯ ವಿನಂತಿ.

ಅಷ್ಟು ಮುಂಚೆ ಏಕೆಂದರೆ, ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ತರಗತಿ ಆರಂಭಿಸುವ ಹೆಚ್ಚಿನ ಕಾಲೇಜುಗಳು ಅರ್ಜಿಗೆ ಅದೇ ವರ್ಷದ ಜನವರಿಯ ಮೊದಲ ವಾರಗಳನ್ನೇ ಕೊನೆಯ ದಿನವಾಗಿ ಇಟ್ಟಿರುತ್ತವೆ; ಮುಂಚಿತ ಸುತ್ತಿನಲ್ಲಿ ಹಾಕುವವರಿಗೆ ನವೆಂಬರ್ ಆರಂಭದಲ್ಲೇ ಬಾಗಿಲು ಮುಚ್ಚುತ್ತದೆ. ಅಂದರೆ ದ್ವಿತೀಯ ಪಿಯುಸಿ ಪರೀಕ್ಷೆ ಬರೆಯುವ ಮೊದಲೇ ಅರ್ಜಿ ಹೋಗಿರಬೇಕು. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕುಳಿತವರಿಗೆ ಒಂದು ವರ್ಷ ಕೈತಪ್ಪುತ್ತದೆ.

ಮೊದಲು ಹೆಸರನ್ನು ನೋಡಿಕೊಳ್ಳಿ. ಅಂಕಪಟ್ಟಿಯಲ್ಲಿ ‘ಸಂಗಮೇಶ ಎಸ್ ಬಿರಾದಾರ’ ಎಂದಿದ್ದು, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಸೇರಿ, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿದ್ದಿದ್ದರೆ, ನಮಗೆ ಅದು ಒಬ್ಬನೇ ಹುಡುಗನ ಹೆಸರು. ಅರ್ಜಿ ನೋಡುವ ಪರದೇಶದ ಗುಮಾಸ್ತರಿಗೆ ಮೂವರು ಬೇರೆ ಬೇರೆ ವ್ಯಕ್ತಿಗಳು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಇಲ್ಲದಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಹೆಸರು ಗೊತ್ತಿಲ್ಲ’ ಎಂಬರ್ಥದ ಎಫ್‌ಎನ್‌ಯು ಅಕ್ಷರಗಳು ಬೀಳುತ್ತವೆ, ಮತ್ತು ಅವು ಅಲ್ಲಿನ ಬ್ಯಾಂಕ್ ಖಾತೆಯವರೆಗೂ ಬೆನ್ನು ಬಿಡುವುದಿಲ್ಲ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರನ್ನೇ ಹಿಡಿದು, ಅಡ್ಡಹೆಸರನ್ನು ಅದರ ಜಾಗದಲ್ಲೇ ತುಂಬಿಸಿ ಮಾಡಿಸಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಕೊಡಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಊರಿನ ಹೆಸರಿಗೆ ಮಾತ್ರ ಹೆದರಬೇಕಾಗಿಲ್ಲ: 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವೂ ಬೆಳಗಾಂ ಬೆಳಗಾವಿಯೂ ಆದದ್ದರಿಂದ ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರಿರುವುದು ಸಹಜ, ಎಲ್ಲ ಅರ್ಜಿಗಳಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆ ಬರೆದರೆ ಸಾಕು.

ಇನ್ನು ಅಂಕಪಟ್ಟಿ. ಅಮೆರಿಕದ ಕಾಲೇಜುಗಳು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷಗಳ ಅಂಕಗಳನ್ನು ಕೇಳುತ್ತವೆ. ನಮ್ಮಲ್ಲಿ ಜತನದಿಂದ ಇಡುವುದು ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಯ ಅಂಕಪಟ್ಟಿಗಳನ್ನು ಮಾತ್ರ. ನಮ್ಮ ವಿದ್ಯಾರ್ಥಿನಿಯೊಬ್ಬಳು ಓದಿದ ಹಳ್ಳಿಯ ಪ್ರೌಢಶಾಲೆಯಲ್ಲಿ ಅವಳ ಒಂಬತ್ತನೇ ತರಗತಿಯ ಗುರುತಾಗಿ ಉಳಿದಿದ್ದದ್ದು ಫಲಿತಾಂಶದ ವಹಿಯ ಒಂದು ಸಾಲು. ಹೆಡ್‌ಮಾಸ್ತರು ಆ ವಹಿಯನ್ನು ಕಪಾಟಿನ ತಳದಿಂದ ತೆಗೆಸಿ, ಧೂಳು ಒರೆಸಿ, ಕ್ರಮಸಂಖ್ಯೆಯ ಮೇಲೆ ಸ್ಕೇಲು ಇಟ್ಟು ಒಂದೊಂದೇ ಅಂಕವನ್ನು ಗಟ್ಟಿಯಾಗಿ ಓದಿದರು. ಗುಮಾಸ್ತರು ಅದನ್ನು ಶಾಲೆಯ ಲೆಟರ್‌ಹೆಡ್ಡಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಮೊಹರು ಹಾಕಿ ಕೊಟ್ಟರು. ನಿಮಗೆ ಬೇಕಾದದ್ದು ಇಂಥದೇ ಕಾಗದ. ಅಂಕಪಟ್ಟಿ ಬರೀ ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಮೂಲದ ಜೊತೆಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಹೋಗಬೇಕು.

ಅರ್ಜಿಯಲ್ಲಿ ಅಂಕಗಳನ್ನು ಇದ್ದ ಹಾಗೆಯೇ ಬರೆಯಿರಿ. ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕ 625, ಅದರಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು, ಪಿಯುಸಿಯದು 600. ಇದನ್ನು ಜಿಪಿಎ ಎಂದು ಕರೆಯುವ ಅವರ ನಾಲ್ಕು ಅಂಕಗಳ ಅಳತೆಗೆ ನೀವೇ ತಿರುಗಿಸಲು ಹೋಗಬೇಡಿ, ಆ ಕೆಲಸ ಅವರದು.

ಅವರ ಅರ್ಜಿಯಲ್ಲಿ ‘ಕೌನ್ಸೆಲರ್’, ಅಂದರೆ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವ ಶಾಲಾ ಸಲಹೆಗಾರ ಎಂಬ ಹುದ್ದೆಯೊಂದು ಪದೇ ಪದೇ ಬರುತ್ತದೆ. ನಮ್ಮ ಪಿಯು ಕಾಲೇಜುಗಳಲ್ಲಿ ಅಂಥವರಿಲ್ಲದಿದ್ದರೆ ಪ್ರಾಂಶುಪಾಲರೇ ಆ ಜಾಗದಲ್ಲಿ ಸಹಿ ಮಾಡಬಹುದು. ಅವರ ಪತ್ರದೊಂದಿಗೆ ಕಾಲೇಜಿನ ಪರಿಚಯವಾಗಿ ಒಂದು ಪುಟ ಹೋಗಬೇಕು: ಯಾವ ಮಂಡಳಿ, ಯಾವ ಮಾಧ್ಯಮ, ಎಷ್ಟು ವಿದ್ಯಾರ್ಥಿಗಳು, ಪಾಸಾಗಲು ಶೇಕಡ ಎಷ್ಟು ಅಂಕ ಬೇಕು, ಶೇ 85 ಮತ್ತು ಅದಕ್ಕೂ ಹೆಚ್ಚಿಗೆ ಡಿಸ್ಟಿಂಕ್ಷನ್. 2024ರಿಂದ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದನ್ನೂ ಅಲ್ಲಿ ವಿವರಿಸಬೇಕು. ಇಲ್ಲವಾದರೆ ಪರೀಕ್ಷೆ 2ರಲ್ಲಿ ಅಂಕ ಹೆಚ್ಚಿಸಿಕೊಂಡವರನ್ನು ನಪಾಸಾಗಿ ಮತ್ತೆ ಬರೆದವರೆಂದು ತಿಳಿದಾರು. ಇದಲ್ಲದೆ ಅನೇಕ ಕಾಲೇಜುಗಳು ಇಬ್ಬರು ಉಪನ್ಯಾಸಕರ ಶಿಫಾರಸು ಪತ್ರಗಳನ್ನು ಕೇಳುತ್ತವೆ. ಶಿಫಾರಸು ಬರೆಯುವವರಿಗೆ ಒಂದು ತಿಂಗಳಾದರೂ ಸಮಯ ಕೊಡಿ. ಬರೆದುಕೊಂಡು ಬಾ, ಸಹಿ ಹಾಕುತ್ತೇನೆ ಎನ್ನುವವರ ಬಳಿ ಹೋಗಬೇಡಿ. ನಿಮ್ಮ ಪ್ರಬಂಧದ ಇಂಗ್ಲಿಷೂ ಶಿಫಾರಸಿನ ಇಂಗ್ಲಿಷೂ ಒಂದೇ ಕೈಯದೆಂದು ಓದಿದವರಿಗೆ ತಿಳಿಯುತ್ತದೆ.

ಇಂಗ್ಲಿಷಿಗೆ ಟೋಫೆಲ್, ಐಇಎಲ್‌ಟಿಎಸ್ ಅಥವಾ ಡ್ಯುಯೊಲಿಂಗೊ ನಡೆಯುತ್ತದೆ, ಮೂರರ ಅಂಕಗಳೂ ಎರಡು ವರ್ಷ ಊರ್ಜಿತ. ಗಣಿತ ಮತ್ತು ಇಂಗ್ಲಿಷ್ ಓದುಬರಹವನ್ನು ಅಳೆಯುವ ಸ್ಯಾಟ್ ಪರೀಕ್ಷೆಯನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನ ಎಂಐಟಿಯಂಥ ಸಂಸ್ಥೆಗಳು ಕಡ್ಡಾಯ ಮಾಡಿವೆ, ಅನೇಕವು ಮಾಡಿಲ್ಲ. ಒಂದೊಂದು ಕಾಲೇಜಿನ ನಿಯಮವನ್ನೂ ಪ್ರತ್ಯೇಕವಾಗಿ ಓದಿಕೊಳ್ಳಿ.

ಹಣದ ಕಾಗದವೇ ನಮ್ಮ ಭಾಗದವರಿಗೆ ಹೆಚ್ಚು ಕಠಿಣ. ಎಷ್ಟೋ ಮನೆಗಳ ಆಸ್ತಿ ಹೊಲದಲ್ಲಿದೆ, ಆದರೆ ಇಪ್ಪತ್ತು ಎಕರೆಯ ಉತಾರವನ್ನು (ಪಹಣಿಯನ್ನು) ಇಂಗ್ಲಿಷಿಗೆ ಅನುವಾದಿಸಿ ಕಳಿಸಿದರೂ ಕಾಲೇಜು ಅದನ್ನು ಕೈಯಲ್ಲಿರುವ ಹಣವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲ ವರ್ಷದ ಶುಲ್ಕ ಮತ್ತು ಜೀವನ ವೆಚ್ಚದಷ್ಟು ಮೊತ್ತ ಖಾತೆಯಲ್ಲೋ, ಠೇವಣಿಯಲ್ಲೋ, ಮಂಜೂರಾದ ಶಿಕ್ಷಣ ಸಾಲದಲ್ಲೋ ಕಾಣಬೇಕು. ಆದ್ದರಿಂದ ಬ್ಯಾಂಕಿನ ಪತ್ರವನ್ನು ಒಣದ್ರಾಕ್ಷಿ ಮಾರಿದ ಮೇಲೆ, ಬಾಗಲಕೋಟೆ ಕಡೆಯವರಾದರೆ ಕಬ್ಬಿನ ಬಿಲ್ಲು ಜಮೆಯಾದ ಮೇಲೆ ತೆಗೆಸಿಕೊಳ್ಳುವುದು ಜಾಣತನ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ರಿಟರ್ನ್ಸ್ ನೋಡಿದವರಿಗೆ ಆ ದುಡ್ಡು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ದಲಾಲಿ ಅಂಗಡಿಯ ಪಟ್ಟಿಗಳನ್ನೂ ಕಾರ್ಖಾನೆಯ ರಸೀದಿಗಳನ್ನೂ ಎರಡು ಮೂರು ವರ್ಷದವು ತೆಗೆದಿಡಿ. ಹಣವಿಲ್ಲದವರು ಕೈಚೆಲ್ಲಬೇಕಾಗಿಲ್ಲ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳು ವಿದೇಶಿ ವಿದ್ಯಾರ್ಥಿಯ ಆರ್ಥಿಕ ಸ್ಥಿತಿಯನ್ನು ನೋಡದೆ ಆಯ್ಕೆ ಮಾಡಿ, ಆಯ್ಕೆಯಾದವರ ಕೊರತೆಯನ್ನು ಪೂರ್ತಿ ತುಂಬಿಕೊಡುತ್ತವೆ. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಸೀಟು ಒಪ್ಪಿಕೊಂಡು ಹಣದ ಪತ್ರ ಕೊಟ್ಟ ನಂತರ ಕಾಲೇಜು ಐ-20 ಎಂಬ, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪ್ರವೇಶದ ನಮೂನೆಯನ್ನು ಕಳಿಸುತ್ತದೆ. ಅದರಲ್ಲಿರುವ ಹೆಸರು, ಹುಟ್ಟಿದ ದಿನಾಂಕಗಳನ್ನು ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಿ. ಬಳಿಕ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಯಾದ ಸೆವಿಸ್‌ಗೆ 350 ಡಾಲರ್ ಶುಲ್ಕ ಕಟ್ಟಿ, ಡಿಎಸ್-160 ಎಂಬ ಆನ್‌ಲೈನ್ ವೀಸಾ ಅರ್ಜಿ ತುಂಬಿ, ಎಫ್-1 ಎಂಬ ವಿದ್ಯಾರ್ಥಿ ವೀಸಾದ ಸಂದರ್ಶನಕ್ಕೆ ದಿನ ಗೊತ್ತುಮಾಡಿಕೊಳ್ಳಬೇಕು. ನಮಗೆ ಮುಂಬೈ ಅಥವಾ ಹೈದರಾಬಾದ್ ಅನುಕೂಲ. ವೀಸಾ ಕೈಗೆ ಬಂದರೂ ಐ-20ಯಲ್ಲಿರುವ ಆರಂಭದ ದಿನಾಂಕಕ್ಕೆ 30 ದಿನಕ್ಕಿಂತ ಮುಂಚೆ ಅಮೆರಿಕಕ್ಕೆ ಕಾಲಿಡುವಂತಿಲ್ಲ, ಟಿಕೆಟ್ ತೆಗೆಸುವಾಗ ಈ ಲೆಕ್ಕ ಹಾಕಿಕೊಳ್ಳಿ. ಹೊರಡುವ ದಿನ ಐ-20, ಬ್ಯಾಂಕಿನ ಪತ್ರ ಮತ್ತು ಮೂಲ ಅಂಕಪಟ್ಟಿಗಳು ಕೈಚೀಲದಲ್ಲಿರಲಿ; ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಿ ಇಟ್ಟರೆ, ಇಳಿದ ಕೂಡಲೇ ಅಧಿಕಾರಿ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.