ಶ್ವಾಸಕೋಶದ ವೈರಾಣು ಸೋಂಕಿನಲ್ಲಿ ರಕ್ತದ ವರದಿ ಓದುವ ಕ್ರಮ

ಕೋವಿಡ್ ಅಥವಾ ಇನ್‌ಫ್ಲುಯೆಂಜಾ ಶ್ವಾಸಕೋಶಕ್ಕೆ ಇಳಿದಾಗ, ಸಿಂಧನೂರಿನಲ್ಲಿ ಒಂದು, ರಾಯಚೂರಿನಲ್ಲಿ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದ ಮನೆಯವರು "ಸಿಆರ್‌ಪಿ ಆರರಿಂದ ಅರವತ್ತಕ್ಕೆ ಏರಿತು" ಎಂದು ಗಾಬರಿಯಾಗುವುದುಂಟು. ಸಿಆರ್‌ಪಿ ಎಂದರೆ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಮೊದಲ ವರದಿಯಲ್ಲಿದ್ದುದು ಡೆಸಿಲೀಟರಿಗೆ 6 ಮಿಲಿಗ್ರಾಂ, ಎರಡನೆಯದರಲ್ಲಿ ಲೀಟರಿಗೆ 60 ಮಿಲಿಗ್ರಾಂ, ಎರಡೂ ಒಂದೇ. ಆದ್ದರಿಂದ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆಯನ್ನು ಓದಿ. ರಕ್ತ ಹೆಪ್ಪುಗಟ್ಟಿ ಕರಗಿದ ಸುಳಿವು ಕೊಡುವ ಡಿ-ಡೈಮರ್‌ನಲ್ಲಿಯೂ ಇದೇ ತೊಡಕಿದೆ: ಅದಕ್ಕೆ ಎಫ್‌ಇಯು, ಡಿಡಿಯು ಎಂಬ ಎರಡು ಅಳತೆಗಳಿದ್ದು, ಎಫ್‌ಇಯು ಎಂದು ಬರೆದ ಅಂಕಿ ಡಿಡಿಯು ಅಂಕಿಯ ಸುಮಾರು ಎರಡರಷ್ಟಿರುತ್ತದೆ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಅಥವಾ ದೊಡ್ಡವರ ಉಸಿರಾಟ ನಿಮಿಷಕ್ಕೆ 24 ಮುಟ್ಟಿದರೆ, ಯಾವ ವರದಿಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ದುಬಾರಿ ಪರೀಕ್ಷೆಗಳಿಗಿಂತ ಮುಂಚೆ ಸಾಮಾನ್ಯ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯನ್ನೇ ಗಮನವಿಟ್ಟು ನೋಡಿ. ಅದರಲ್ಲಿ ಎರಡು ಬಗೆಯ ಬಿಳಿ ರಕ್ತಕಣಗಳ ಶೇಕಡಾವಾರು ಪ್ರಮಾಣ ನ್ಯೂಟ್ರೋಫಿಲ್ 78, ಲಿಂಫೋಸೈಟ್ 12 ಎಂದಿದ್ದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 6.5 ಬರುತ್ತದೆ. ಈ ಅನುಪಾತ ದಿನದಿಂದ ದಿನಕ್ಕೆ ಏರುತ್ತಿದ್ದರೆ ರೋಗ ಬಿಗಡಾಯಿಸುತ್ತಿರಬಹುದು. ಆದರೆ ಸ್ಟೀರಾಯ್ಡ್ ಕೂಡ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ. ಹೀಗಾಗಿ ಔಷಧ ಆರಂಭವಾದದ್ದು ಯಾವಾಗ ಎಂಬುದು ತಿಳಿಯದೆ ಈ ಲೆಕ್ಕಕ್ಕೆ ಅರ್ಥವಿಲ್ಲ.

ಸಿಆರ್‌ಪಿಯನ್ನು ತಯಾರಿಸುವುದು ಯಕೃತ್ತು. ಅದಕ್ಕೆ ಸೂಚನೆ ಕೊಡುವುದು ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನ್. ಉರಿಯೂತ ತಣ್ಣಗಾಗಿ ತಯಾರಿ ನಿಂತರೆ ರಕ್ತದಲ್ಲಿರುವ ಸಿಆರ್‌ಪಿ ಸುಮಾರು 19 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದಕಾರಣ ಒಂದು ದಿನದ ಅಂಕಿಗಿಂತ ಎರಡು ಮೂರು ದಿನಗಳ ಅಂತರದ ಏರಿಳಿತವೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಕಬ್ಬಿಣಾಂಶವನ್ನು ಕೂಡಿಡುವ, ಉರಿಯೂತದಲ್ಲಿ ಏರುವ ಪ್ರೋಟೀನಾದ ಫೆರಿಟಿನ್ ಮಾತ್ರ ಎಚ್ಚರದಿಂದ ಓದಬೇಕಾದದ್ದು: ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವ ಹೆಣ್ಣುಮಕ್ಕಳಲ್ಲಿ ಅದು ಏರಬೇಕಾದಷ್ಟು ಏರದೆ ಇರಬಹುದು.

ಜೀವಕೋಶಗಳೊಳಗಿರುವ ಕಿಣ್ವವಾದ ಎಲ್‌ಡಿಎಚ್ ರಕ್ತದಲ್ಲಿ ಏರಿದರೆ ಅದು ಜೀವಕೋಶಗಳ ಹಾನಿಯನ್ನು ತೋರಿಸುತ್ತದೆ. ಆದರೆ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ, ಕುಲುಕಾಡುವ ಡಬ್ಬಿಯೊಳಗೆ ತಾಲ್ಲೂಕಿನಿಂದ ಬಂದ ಟ್ಯೂಬಿನಲ್ಲಿ ಕೆಂಪು ರಕ್ತಕಣಗಳು ಒಡೆದಿದ್ದರೂ ಅಂಕಿ ಏರುತ್ತದೆ. ಒಣಹುಲ್ಲಿನ ಬಣ್ಣದಲ್ಲಿರಬೇಕಾದ ಸೀರಂ (ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವ) ಕೆಂಪಾಗಿದ್ದರೆ ರಕ್ತವನ್ನು ಮತ್ತೊಮ್ಮೆ ತೆಗೆಯಬೇಕು. ಡಿ-ಡೈಮರ್‌ಗೆ ಬಳಸುವ ನೀಲಿ ಮುಚ್ಚಳದ ಟ್ಯೂಬನ್ನು ಗೆರೆಯವರೆಗೆ ತುಂಬಿಸುವಂತೆ ನೋಡಿಕೊಳ್ಳಿ.

ವೈದ್ಯರ ಬಳಿ ಹೋಗುವಾಗ ಒಂದೇ ಹಾಳೆಯಲ್ಲಿ ರಕ್ತ ತೆಗೆದ ದಿನ ಮತ್ತು ಸಮಯ, ಆಗಿನ ಆಮ್ಲಜನಕದ ಮಟ್ಟ, ಅಳತೆ ಸಮೇತ ಅಂಕಿಗಳು ಹಾಗೂ ಸ್ಟೀರಾಯ್ಡಿನ ಮೊದಲ ಡೋಸಿನ ಹೊತ್ತನ್ನು ಬರೆದುಕೊಂಡು ಹೋಗಿ.