39 ಅಂಕಿಯ ಸಂಖ್ಯೆ ಅವಿಭಾಜ್ಯ ಅಂತ ನಾನೇ ಲೆಕ್ಕ ಹಾಕಿ ನೋಡಿದ್ದು

170141183460469231731687303715884105727. 2ರ 127ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ ಇದು. ಇದು ಅವಿಭಾಜ್ಯ ಅಂತ ಫ್ರಾನ್ಸಿನ ಎಡ್ವರ್ಡ್ ಲೂಕಾ 1876ರಲ್ಲೇ ತೋರಿಸಿದ್ದರು, ಅದೂ ಕಂಪ್ಯೂಟರ್ ಇಲ್ಲದೆ. ಓದಿ ನಂಬಿದರೆ ಸಾಲದು, ನಾನೇ ನೋಡಬೇಕು ಅನ್ನಿಸಿತು.

ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ ಆಗುವ ಕೆಲಸವಲ್ಲ. ಇದಕ್ಕೆ ಅವಿಭಾಜ್ಯ ಅಪವರ್ತನ ಇದ್ದರೆ ಅದನ್ನು 127ರ ಎರಡರಷ್ಟಾದ 254ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಅಂಥವನ್ನು ಮಾತ್ರ ಆರಿಸಿ ಸೆಕೆಂಡಿಗೆ 10 ಕೋಟಿ ಪರೀಕ್ಷಿಸಿದರೂ ಸುಮಾರು 16 ವರ್ಷ ಬೇಕು.

ಹಾಗಾಗಿ ಲೂಕಾ ಅವರ ದಾರಿಯನ್ನೇ ಹಿಡಿದೆ. ಮುಂದೆ ಅಮೆರಿಕದ ಗಣಿತಜ್ಞ ಲೇಮರ್ ಅದನ್ನು ಇನ್ನಷ್ಟು ಸರಳ ಮಾಡಿದರು. 4ರಿಂದ ಶುರು. ವರ್ಗ ಮಾಡು, 2 ಕಳೆ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೋ. ಘಾತಕ್ಕಿಂತ 2 ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ.

ಮೊದಲು ಕಾಗದದ ಮೇಲೆ ಚಿಕ್ಕದೊಂದನ್ನು ಮಾಡಿದೆ. 2ರ 7ನೇ ಘಾತದಿಂದ 1 ಕಳೆದರೆ 127. ಹೆಜ್ಜೆಗಳು ಐದೇ: 4, 14, 67, 42, 111, 0. ಕೊನೆಯ ಹೆಜ್ಜೆಯಲ್ಲಿ 12319 ಬರುತ್ತದೆ, ಅದು ಸರಿಯಾಗಿ 127ರ 97 ಪಟ್ಟು! ಘಾತ 11 ಆದಾಗ ಕೊನೆಗೆ 1736 ಉಳಿಯಿತು. ಸರಿಯೇ, 2047 ಅಂದರೆ 23 ಗುಣಿಸು 89 ಅಲ್ವಾ.

ಈ ಲೆಕ್ಕದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಶೇಷ ತೆಗೆಯುವ ರೀತಿ. ಭಾಗಾಕಾರವೇ ಬೇಡ. 67ರ ವರ್ಗದಿಂದ 2 ಕಳೆದರೆ 4487. ಅದರಲ್ಲಿ 35 ಸಲ 128, ಮೇಲೆ 7. ಎರಡನ್ನೂ ಕೂಡಿಸಿದರೆ 42, ಅದೇ ಶೇಷ. 128ನ್ನು 127ರಿಂದ ಭಾಗಿಸಿದರೆ 1 ಉಳಿಯುವುದರಿಂದ ಇದು ಸಾಧ್ಯ. ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1 ಬಳಸಿ ಬರೆದರೆ, ಇನ್ನೂ ಸುಲಭ: ಬಲಗಡೆಯ 7 ಬಿಟ್ (ಅಂಕಿ) ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ, ಕೂಡಿಸು. ದೊಡ್ಡ ಸಂಖ್ಯೆಗೆ 127 ಬಿಟ್, ಅಷ್ಟೇ ವ್ಯತ್ಯಾಸ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕೈದು ಸಾಲು ಬರೆದೆ. 125 ಹೆಜ್ಜೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮಧ್ಯದ ಶೇಷಗಳನ್ನೂ ಪ್ರಿಂಟ್ ಮಾಡಿಸಿದ್ದೆ. ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಅನ್ನುವಂಥ ಉದ್ದುದ್ದ ಸಂಖ್ಯೆಗಳು. ಕೊನೆಯ ಸಾಲಿನಲ್ಲಿ ಸುಮ್ನೆ ಒಂದು 0. ತುಂಬಾ ಖುಷಿಯಾಯಿತು.

ಆಮೇಲೆ ಘಾತ 67 ಹಾಕಿದೆ. ಸೊನ್ನೆ ಬರಲಿಲ್ಲ. ಫ್ರಾನ್ಸಿನ ಪಾದ್ರಿ ಮರ್ಸೆನ್ ಇಂಥ ಅವಿಭಾಜ್ಯಗಳ 1644ರ ತಮ್ಮ ಪಟ್ಟಿಯಲ್ಲಿ ಇದನ್ನು ಅವಿಭಾಜ್ಯ ಅಂದಿದ್ದರು. ಅಲ್ಲ ಅಂತ ಲೂಕಾ ತೋರಿಸಿದರು, ಆದರೆ ಅಪವರ್ತನಗಳು ಯಾವುವು ಅಂತ ಈ ಪರೀಕ್ಷೆ ಹೇಳುವುದಿಲ್ಲ. ಅವನ್ನು 1903ರಲ್ಲಿ ಕೊಟ್ಟವರು ಅಮೆರಿಕದ ಫ್ರ್ಯಾಂಕ್ ಕೋಲ್: 193707721 ಮತ್ತು 761838257287. ಮೊದಲನೆಯದರಿಂದ 1 ಕಳೆದು, 67ರ ಎರಡರಷ್ಟಾದ 134ರಿಂದ ಭಾಗಿಸಿ ನೋಡಿ. 1445580, ಶೇಷ ಏನೂ ಇಲ್ಲ.