ಹೊದಿಕೆಗಿಂತ ಮೊದಲು ಹಾಸಿಗೆ

ವಿಜಯಪುರದ ಬಿಸಿಲು ನಾಡಿಗೆಲ್ಲ ಗೊತ್ತು, ಚಳಿ ಮಾತ್ರ ಇಲ್ಲಿ ಇದ್ದವರಿಗಷ್ಟೇ ಗೊತ್ತು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿಯುವತನಕ, ಮೋಡವಿಲ್ಲದ ರಾತ್ರಿಗಳಲ್ಲಿ ತಾಪಮಾನ 10 ಡಿಗ್ರಿ ಆಸುಪಾಸಿಗೆ ಇಳಿಯುವುದು ಅಪರೂಪವೇನಲ್ಲ. ಅಂಗಡಿ ಕಟ್ಟೆಗಳ ಮೇಲೆ ಮಲಗುವವರಿಗೆ ನಿಮ್ಮ ಟ್ರಂಕಿನ ಹಳೆಯ ಅರಿವೆ ಉಪಯೋಗಕ್ಕೆ ಬರುತ್ತದೆ, ವಿಚಾರ ಮಾಡಿ ಕೊಟ್ಟರೆ.

ಮೊದಲ ವರ್ಷ ನಾನು ವಿಚಾರ ಮಾಡಿರಲಿಲ್ಲ. ಹತ್ತು ರಗ್ಗು ಹಂಚಿ ಬಂದೆ. ಮರುದಿನ ರಾತ್ರಿ ನೋಡಿದರೆ ಅಜ್ಜ ಒಬ್ಬರು ರಗ್ಗನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿಕೊಂಡು, ಮೇಲೆ ಧೋತರವನ್ನಷ್ಟೇ ಹೊದ್ದಿದ್ದರು. ‘ಕೆಳಗಿನ ಕಲ್ಲು ಕಚ್ಚುತ್ತದೆ ತಮ್ಮಾ’ ಎಂದರು. ಮೈಯ ಬಿಸಿಯನ್ನು ಹಿಡಿದಿಡುವುದು ಬಟ್ಟೆಯ ಪದರಗಳ ನಡುವಿನ ಗಾಳಿ. ಮೈಭಾರಕ್ಕೆ ಅದುಮಿದ ರಗ್ಗಿನಲ್ಲಿ ಆ ಗಾಳಿ ಉಳಿಯುವುದಿಲ್ಲ, ಬಿಸಿ ನೇರ ಕಲ್ಲಿಗೆ ಇಳಿಯುತ್ತದೆ.

ಆದ್ದರಿಂದ ಕೆಳಗಿನಿಂದ ಶುರು ಮಾಡಿ. ಎಲ್ಲಕ್ಕಿಂತ ಅಡಿಯಲ್ಲಿ ತೇವ ಏರದಂತೆ ಹಳೆಯ ಫ್ಲೆಕ್ಸ್. ಹುಟ್ಟುಹಬ್ಬ ಮುಗಿದ ನಾಯಕರು ಊರ ತುಂಬ ಸಿಗುತ್ತಾರೆ. ಮುಖ ಕೆಳಗೆ ಮಾಡಿ ಹಾಸಿದರೆ ಸರಿ. ಅದರ ಮೇಲೆ ಎರಡು ಪದರ ರಟ್ಟು. ಫ್ರಿಜ್, ಟಿವಿ ಮಾರುವ ಅಂಗಡಿಯಲ್ಲಿ ಕೇಳಿದರೆ ದೊಡ್ಡ ಪೆಟ್ಟಿಗೆಗಳನ್ನು ಕೊಡುತ್ತಾರೆ. ರಟ್ಟಿನ ಮೇಲೆ ಒಣಗಿದ ಗೋಣಿಚೀಲ.

ಹೊದೆಯಲು ಕೌದಿಗಿಂತ ಒಳ್ಳೆಯದು ನನಗೆ ತಿಳಿದಿಲ್ಲ. ಹರಿಯದ ನೂಲಿನ ಸೀರೆ, ಧೋತರಗಳನ್ನು ನಾಲ್ಕೈದು ಪದರ ಒಂದರ ಮೇಲೊಂದು ಹಾಸಿ, ಸುಕ್ಕು ಬಿಡಿಸಿ, ಅಂಚಿನಿಂದ ಒಳಗೆ ಸಾಲುಸಾಲಾಗಿ ಹೊಲಿಗೆ ಹಾಕುತ್ತಾ ಬರಬೇಕು. ಹೊಲಿಗೆ ಬಾರದಿದ್ದರೆ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೂಲಿ ಕೊಟ್ಟು ಹೊಲಿಸಿ. ಧರ್ಮಕಾರ್ಯವೆಂದು ಅವರಲ್ಲಿ ಬಿಟ್ಟಿ ಕೇಳಬೇಡಿ. ಕೌದಿಗೆ ಒಂದೇ ದೋಷ, ಭಾರ. ಹಗಲೆಲ್ಲ ಗಂಟು ಹೊತ್ತು ತಿರುಗುವವರಿಗೆ ಸ್ವೆಟರ್, ಶಾಲು, ಮಂಕಿ ಕ್ಯಾಪ್ ಮೇಲು. ಕಾಲುಚೀಲ ಮಾತ್ರ ಹೊಸದೇ ಇರಲಿ. ಜೀನ್ಸ್ ಬೇಡ, ನೆನೆದರೆ ಬೇಗ ಒಣಗುವುದಿಲ್ಲ.

ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕೊಡುವಾಗ ಒಂದು ಎಚ್ಚರ. ರಸ್ತೆ ಬದಿ ಬೆಂಕಿ ಕಾಯಿಸುವವರ ಮೇಲೆ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಯ ಕಂಬಳಿಗೆ ಬೆಂಕಿ ಅಷ್ಟು ಸುಲಭವಾಗಿ ಹತ್ತುವುದಿಲ್ಲ.

ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಚೆನ್ನಾಗಿ ಬಿಸಿಲು ಕಾಣಿಸಿ. ಉಣ್ಣೆಯಂಥವನ್ನು ಒಗೆಯಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಎರಡು ವಾರ ಕಟ್ಟಿಡಿ, ಹೇನು ಉಳಿಯುವುದಿಲ್ಲ. ಕಿತ್ತ ಗುಂಡಿ ಹಚ್ಚಿ, ಕೆಟ್ಟ ಜಿಪ್ ಸರಿಪಡಿಸಿ. ನೀವು ಮೈಮೇಲೆ ಹಾಕಿಕೊಳ್ಳಲು ಹಿಂಜರಿಯುವ ಅರಿವೆ ಒರೆಸುವ ಬಟ್ಟೆಯಾಗಲಿ.

ಹಂಚಲು ರಾತ್ರಿ ಒಂಬತ್ತರ ಸುಮಾರು ಒಳ್ಳೆಯ ಹೊತ್ತು; ಜನ ಜಾಗ ಹಿಡಿದಿರುತ್ತಾರೆ, ನಿದ್ದೆ ಹೋಗಿರುವುದಿಲ್ಲ. ಎರಡು ಮೂರು ಬಗೆ ಮುಂದಿಟ್ಟು, ಯಾವುದು ಬೇಕು ಎಂದು ಕೇಳಿ. ಬೇಡವೆಂದರೆ ಒತ್ತಾಯಿಸಬೇಡಿ. ಫೋಟೊ ಹೊಡೆಯಲು ಹೋಗಲೇಬೇಡಿ. ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ಆಶ್ರಯ ಕೇಂದ್ರಗಳಿರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಪಾಲಿಕೆಯಲ್ಲಿ ವಿಚಾರಿಸಿ ವಿಳಾಸ ತಿಳಿದುಕೊಂಡು ಹೋದರೆ, ಬಯಸಿದವರಿಗೆ ದಾರಿ ಹೇಳಬಹುದು.

ಯಾರಾದರೂ ನಡುಗುವುದನ್ನೂ ನಿಲ್ಲಿಸಿ, ತೊದಲುತ್ತಾ ಮಂಪರಿನಲ್ಲಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವತನಕ ಒದ್ದೆ ಬಟ್ಟೆ ತೆಗೆದು, ಅಡಿಗೂ ಮೇಲಕ್ಕೂ ಒಣಗಿದ್ದು ಸುತ್ತಿ. ಕೈಕಾಲು ಉಜ್ಜಬೇಡಿ. ‘ಒಂದು ಗುಟುಕು ಹಾಕಿದರೆ ಸರಿಹೋಗುತ್ತದೆ’ ಎನ್ನುವವರ ಮಾತು ಕೇಳಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಬಿಸಿಯನ್ನೂ ಹೊರಹಾಕುತ್ತದೆ.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತಾ ಹೋಗುತ್ತದೆ. ಆಗ ಮತ್ತೊಂದು ಸುತ್ತು ಹೋಗಿ. ಭಾರದ ಕೌದಿಯನ್ನು ಇಟ್ಟುಕೊಳ್ಳಲು ಜಾಗವಿಲ್ಲ ಎನ್ನುವವರಿಂದ ಅದನ್ನು ತಂದು, ಒಗೆದು, ಬೇವಿನ ಎಲೆ ಹಾಕಿ ಮಡಿಚಿಡಿ. ಯಾರದು ಯಾವುದು ಎಂದು ಚೀಟಿ ಕಟ್ಟಲು ಮರೆಯಬೇಡಿ.